ಗೋದಾಮಿನಲ್ಲಿ ಏನಿದೆ? ವಾಯಿದಾ ಪೇಟೆಯ ಹಳೆಯ ಪ್ರಶ್ನೆ

2023ರ ಮಾರ್ಚ್‌ನಲ್ಲಿ ನೆದರ್‌ಲೆಂಡ್ಸ್‌ನ ರೋಟರ್‌ಡ್ಯಾಮ್ ಬಂದರಿನ ಗೋದಾಮೊಂದರಲ್ಲಿದ್ದ ಕೆಲವು ಚೀಲಗಳ ಮೇಲೆ ಅನುಮಾನ ಬಂತು. ದಾಖಲೆಯ ಪ್ರಕಾರ ಅವುಗಳಲ್ಲಿ ನಿಕಲ್ ಲೋಹದ ಗಟ್ಟಿಗಳಿರಬೇಕಿತ್ತು. ಇದ್ದದ್ದು ಕಲ್ಲು. ಒಟ್ಟು 54 ಟನ್, ಅಂದಿನ ಬೆಲೆಯಲ್ಲಿ ಹನ್ನೆರಡು ಹದಿಮೂರು ಲಕ್ಷ ಡಾಲರ್ ಬಾಳಬೇಕಿದ್ದ ಸರಕು. ಆ ಚೀಲಗಳ ಹೆಸರಿನಲ್ಲಿ ಲಂಡನ್ ಮೆಟಲ್ ಎಕ್ಸ್‌ಚೇಂಜ್ ಎಂಬ ಲೋಹ ವಿನಿಮಯ ಕೇಂದ್ರದ ಒಂಬತ್ತು ಉಗ್ರಾಣ ಪತ್ರಗಳಿದ್ದವು. ಒಂದೊಂದು ಪತ್ರವೂ ಆರು ಟನ್ ಲೋಹಕ್ಕೆ ಸಮ ಎಂದು ಜಗತ್ತು ನಂಬಿಕೊಂಡಿತ್ತು. ವಿನಿಮಯ ಕೇಂದ್ರ ಒಂಬತ್ತನ್ನೂ ರದ್ದು ಮಾಡಿ, ತನ್ನ ಮಾನ್ಯತೆ ಪಡೆದ ಎಲ್ಲ ಗೋದಾಮುಗಳಲ್ಲಿರುವ ನಿಕಲ್ ಚೀಲಗಳನ್ನು ತೂಗಿ ನೋಡಲು ಹೇಳಿತು.

ಇಡೀ ದಾಸ್ತಾನಿನ ಲೆಕ್ಕದಲ್ಲಿ 54 ಟನ್ ಏನೇನೂ ಅಲ್ಲ. ಆದರೂ ಆ ಸುದ್ದಿ ಓದಿದಾಗ ನನಗೆ ಅನಿಸಿದ್ದು, ಸರಕು ವಿನಿಮಯ ಕೇಂದ್ರಗಳನ್ನು ನಾವು ನೋಡುವ ರೀತಿಯಲ್ಲೇ ಒಂದು ತಪ್ಪಿದೆ ಎಂದು. ಪರದೆಯ ಮೇಲೆ ಓಡುವ ಕೆಂಪು ಹಸಿರು ಅಂಕಿಗಳು, ಸಟ್ಟಾ ವ್ಯಾಪಾರಿಗಳ ಲಾಭ ನಷ್ಟ, ಇವೇ ಚರ್ಚೆಯ ತುಂಬಾ ಇರುತ್ತವೆ. ಈ ಪೇಟೆಗಳು ಕುಸಿದ ಪ್ರಸಂಗಗಳನ್ನು ಒಂದೊಂದಾಗಿ ತೆಗೆದು ನೋಡಿದರೆ, ಹೆಚ್ಚಿನವುಗಳ ಎಳೆ ಹೋಗಿ ಮುಟ್ಟುವುದು ಗೋದಾಮಿನ ಬಾಗಿಲನ್ನು.

ಮೊದಲು ಈ ವ್ಯವಹಾರ ನಡೆಯುವ ಬಗೆಯನ್ನು ನೋಡೋಣ. ವಾಯಿದಾ ಒಪ್ಪಂದವೆಂದರೆ ಇಂತಿಷ್ಟು ಸರಕನ್ನು, ಇಂಥ ಗುಣಮಟ್ಟದ್ದನ್ನು, ಇಂಥ ತಿಂಗಳಲ್ಲಿ, ಇಂಥ ಸ್ಥಳದಲ್ಲಿ, ಇಂದೇ ಗೊತ್ತುಮಾಡಿದ ಬೆಲೆಗೆ ಕೊಡುವ ಅಥವಾ ಕೊಳ್ಳುವ ಮಾತು. ಶಿಕಾಗೊ ಪೇಟೆಯಲ್ಲಿ ಗೋಧಿಯ ಒಂದು ಒಪ್ಪಂದಕ್ಕೆ 5,000 ಬುಷೆಲ್, ಅಂದರೆ ಸುಮಾರು 136 ಟನ್. ಬೆಳೆ ಇನ್ನೂ ಹೊಲದಲ್ಲಿರುವಾಗಲೇ ಬೆಳೆಗಾರ ಮಾರಿಟ್ಟರೆ, ಕಟಾವಿನ ಹೊತ್ತಿಗೆ ಬೆಲೆ ಬಿದ್ದರೂ ಅವನಿಗೆ ಭಯವಿಲ್ಲ. ಹಿಟ್ಟಿನ ಗಿರಣಿಯವನು ಕೊಂಡಿಟ್ಟರೆ, ಬೆಲೆ ಏರಿದರೂ ಅವನಿಗೆ ಭಯವಿಲ್ಲ. ಇಬ್ಬರೂ ಬೇಡವೆನ್ನುವ ಅಪಾಯವನ್ನು ಲಾಭದ ಆಸೆಯಿಂದ ಹೊರಲು ಮೂರನೆಯವನೊಬ್ಬ ಬೇಕು. ಅವನೇ ಸಟ್ಟಾ ವ್ಯಾಪಾರಿ. ಅವನನ್ನು ಬೈಯುವುದು ಸುಲಭ. ಆದರೆ ಅವನಿಲ್ಲದ ಪೇಟೆಯಲ್ಲಿ ಬೆಳೆಗಾರನ ಭಯವನ್ನು ಕೊಳ್ಳುವವರೇ ಇರುವುದಿಲ್ಲ.

ಮಾತಿಗೆ ತಪ್ಪುವವರನ್ನು ಹಿಡಿದಿಡಲು ನಡುವೆ ಕ್ಲಿಯರಿಂಗ್ ಹೌಸ್ ಎಂಬ ಸಂಸ್ಥೆ ನಿಲ್ಲುತ್ತದೆ. ಮಾರಿದವನ ಪಾಲಿಗೆ ಕೊಳ್ಳುವವನೂ ಕೊಂಡವನ ಪಾಲಿಗೆ ಮಾರುವವನೂ ಅದೇ. ಇಬ್ಬರಿಂದಲೂ ಅದು ಮಾರ್ಜಿನ್ ಹೆಸರಿನಲ್ಲಿ ಠೇವಣಿ ಪಡೆಯುತ್ತದೆ ಮತ್ತು ಪ್ರತಿ ಸಂಜೆ ಲೆಕ್ಕ ಚುಕ್ತಾ ಮಾಡುತ್ತದೆ. ಬುಷೆಲ್‌ಗೆ 10 ಸೆಂಟ್ ಏರಿತೆಂದರೆ, ಒಂದು ಒಪ್ಪಂದ ಮಾರಿಟ್ಟ ಬೆಳೆಗಾರ ಅಂದೇ 500 ಡಾಲರ್ ಕಟ್ಟಬೇಕು. ಅವನ ಹೊಲದ ಗೋಧಿಗೂ ಅಷ್ಟೇ ಬೆಲೆ ಏರಿದೆ ನಿಜ. ಆದರೆ ಆ ಹಣ ಕೈಗೆ ಬರುವುದು ತಿಂಗಳುಗಳ ನಂತರ, ಕಟ್ಟಬೇಕಾದದ್ದು ಇವತ್ತು. ಮುಂದೆ ಹೇಳಲಿರುವ ಹಲವು ಅನಾಹುತಗಳ ಬೀಜ ಈ ಒಂದು ಅಂತರದಲ್ಲಿದೆ.

ಇನ್ನೊಂದು ಮುಖ್ಯ ಸಂಗತಿ: ಒಪ್ಪಂದಗಳಲ್ಲಿ ಬಹುಪಾಲು ಸರಕಿನ ವಿಲೇವಾರಿವರೆಗೆ ಹೋಗುವುದೇ ಇಲ್ಲ. ಕೊಂಡವರು ಗಡುವಿಗೆ ಮುಂಚೆ ಮಾರಿ, ಮಾರಿದವರು ಕೊಂಡು, ವ್ಯತ್ಯಾಸ ತೀರಿಸಿ ಹೊರಬೀಳುತ್ತಾರೆ. ಹಾಗಿದ್ದರೆ ಸರಕು ಯಾಕೆ ಬೇಕು ಎಂದು ಕೇಳಬಹುದು. ಬೇಕು, ಏಕೆಂದರೆ ಕೊನೆಯ ದಿನ ಯಾರಾದರೂ ಗೋದಾಮಿಗೆ ಹೋಗಿ ಸರಕು ಎತ್ತಿಕೊಳ್ಳಬಹುದು ಎಂಬ ಸಾಧ್ಯತೆಯೇ ಕಾಗದದ ಬೆಲೆಯನ್ನು ವಸ್ತುವಿನ ಬೆಲೆಗೆ ಕಟ್ಟಿಹಾಕುತ್ತದೆ. ಆ ಕಟ್ಟು ಬಿಟ್ಟರೆ ಬೆಲೆ ಸೂತ್ರ ಹರಿದ ಗಾಳಿಪಟ. ಸರಕು ಕೈಬದಲಾಗದೆ ನಗದಿನಲ್ಲೇ ತೀರುವ ಒಪ್ಪಂದಗಳೂ ಇವೆ. ಅವೂ ಎಲ್ಲೋ ಒಂದು ಕಡೆ ನಿಜವಾದ ಸರಕಿನ ಬೆಲೆಗೆ ಜೋತುಬಿದ್ದಿರಲೇಬೇಕು.

ಈ ಕಟ್ಟು ಸಡಿಲವಾಗುವುದು ಹೊಸ ವಿಷಯವಲ್ಲ. 1730ರಲ್ಲಿ ಜಪಾನಿನ ಶೋಗನ್ ಆಡಳಿತ ಒಸಾಕಾದ ದೋಜಿಮಾ ಅಕ್ಕಿ ಪೇಟೆಗೆ ಅಧಿಕೃತ ಮಾನ್ಯತೆ ಕೊಟ್ಟಿತು. ಸಂಘಟಿತ ವಾಯಿದಾ ವಹಿವಾಟಿನ ಮೊದಲ ಪೇಟೆ ಎಂದು ಸಾಮಾನ್ಯವಾಗಿ ಹೆಸರಿಸುವುದು ಇದನ್ನೇ. ಪ್ರಾಂತ್ಯಗಳ ಒಡೆಯರು ಕಂದಾಯವಾಗಿ ಬಂದ ಅಕ್ಕಿಯನ್ನು ಒಸಾಕಾದ ಉಗ್ರಾಣಗಳಲ್ಲಿಟ್ಟು ಚೀಟಿ ಕೊಡುತ್ತಿದ್ದರು. ಆ ಚೀಟಿಗಳು ಕೈಯಿಂದ ಕೈಗೆ ಮಾರಾಟವಾಗುತ್ತಿದ್ದವು. ಬೆಲೆಯ ಸುದ್ದಿ ಬೆಟ್ಟದಿಂದ ಬೆಟ್ಟಕ್ಕೆ ಬಾವುಟದ ಸನ್ನೆಯಲ್ಲಿ ಓಡುತ್ತಿತ್ತು. ಹಣದ ಅಡಚಣೆ ಬಂದಾಗ ಒಡೆಯರು ಉಗ್ರಾಣದಲ್ಲಿಲ್ಲದ ಅಕ್ಕಿಗೂ ಚೀಟಿ ಬರೆಯತೊಡಗಿದರು. 18ನೇ ಶತಮಾನದಲ್ಲೇ ಇಂಥ ಪೊಳ್ಳು ಚೀಟಿಗಳನ್ನು ಆಡಳಿತ ನಿಷೇಧಿಸಬೇಕಾಯಿತು.

ಶಿಕಾಗೊದ ಕಥೆ ಇನ್ನೂ ಸ್ಪಷ್ಟ. 1848ರಲ್ಲಿ 82 ವರ್ತಕರು ಸೇರಿ ಶಿಕಾಗೊ ಬೋರ್ಡ್ ಆಫ್ ಟ್ರೇಡ್ ಕಟ್ಟಿದರು. ರೈಲು ಬಂದ ಮೇಲೆ ಸುತ್ತಲಿನ ಬಯಲುಸೀಮೆಯ ಧಾನ್ಯವೆಲ್ಲ ಹರಿದು ಬಂದು ನಗರದ ದೈತ್ಯ ಕಣಜಗಳಲ್ಲಿ ತುಂಬತೊಡಗಿತು. ನೂರಾರು ರೈತರ ಗೋಧಿ ದರ್ಜೆಯ ಪ್ರಕಾರ ಒಂದೇ ರಾಶಿಯಲ್ಲಿ ಬೆರೆಯಿತು. ಯಾರ ಗೋಧಿ ಯಾವುದು ಎಂಬ ಗುರುತು ಅಳಿಯಿತು, ರಸೀದಿ ಮಾತ್ರ ಉಳಿಯಿತು. 1865ರಲ್ಲಿ ವಾಯಿದಾ ಒಪ್ಪಂದದ ನಿಯಮಗಳು ಬರಹಕ್ಕಿಳಿದವು. ಇಷ್ಟು ದೊಡ್ಡ ಆವಿಷ್ಕಾರದ ಬುಡ ಕಣಜದ ಮಾಲೀಕರ ಪ್ರಾಮಾಣಿಕತೆಯಲ್ಲಿತ್ತು. ಮನ್ ಮತ್ತು ಸ್ಕಾಟ್ ಎಂಬ ಪಾಲುದಾರರು ಅಲ್ಲಿನ ದೊಡ್ಡ ಕಣಜಗಳ ಒಡೆಯರು. ತಮ್ಮಲ್ಲಿಲ್ಲದ ಧಾನ್ಯಕ್ಕೂ ರಸೀದಿ ಕೊಟ್ಟಿದ್ದ ಅವರು ತನಿಖೆಯವರ ಕಣ್ಣಿಗೆ ಮಣ್ಣೆರಚಲು ಖಾಲಿ ಕಣಜದ ಮೇಲ್ಭಾಗಕ್ಕೆ ಹಲಗೆ ಹಾಸಿ, ಅದರ ಮೇಲೆ ತೆಳ್ಳಗೆ ಧಾನ್ಯ ಸುರಿದಿದ್ದರು. ಮೇಲಿನಿಂದ ಇಣುಕಿದವರಿಗೆ ಕಣಜ ತುಂಬಿದಂತೆ ಕಾಣುತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಂಥ ಈ ವಂಚನೆ 1872ರಲ್ಲಿ ಬಯಲಾಯಿತು. ಅವರನ್ನು ಪೇಟೆಯಿಂದ ಹೊರಹಾಕಿದರು. ಅದೇ ಪಾಲುದಾರರು ಇಲಿನಾಯ್ ರಾಜ್ಯದ ಕಣಜ ಕಾನೂನನ್ನು ಪ್ರಶ್ನಿಸಿದ್ದ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1877ರಲ್ಲಿ ಸರ್ಕಾರದ ಪರ ತೀರ್ಪು ಕೊಟ್ಟಿತು. ಖಾಸಗಿ ಆಸ್ತಿಯೇ ಆಗಿದ್ದರೂ ಸಾರ್ವಜನಿಕರ ಹಿತಕ್ಕೆ ಸಂಬಂಧಪಟ್ಟದ್ದನ್ನು ಸರ್ಕಾರ ನಿಯಂತ್ರಿಸಬಹುದು ಎಂಬುದು ಅದರ ಸಾರ.

ಹಲಗೆ ಹಾಸುವ ಉಪಾಯ ಮತ್ತೆ ಮತ್ತೆ ಬೇರೆ ಬೇರೆ ರೂಪದಲ್ಲಿ ಬಂದಿದೆ. 1963ರಲ್ಲಿ ನ್ಯೂಜೆರ್ಸಿಯ ಟ್ಯಾಂಕುಗಳಲ್ಲಿ ಸೋಯಾ ಎಣ್ಣೆ ಇದೆಯೆಂದು ನಂಬಿ ಬ್ಯಾಂಕುಗಳು ಸಾಲ ಕೊಟ್ಟವು. ಒಳಗೆ ಬಹುಪಾಲು ನೀರು, ಮೇಲೆ ತೇಲುವಷ್ಟು ಎಣ್ಣೆ. ಭಾರತದಲ್ಲಿ 2013ರ ಜುಲೈನಲ್ಲಿ ನ್ಯಾಷನಲ್ ಸ್ಪಾಟ್ ಎಕ್ಸ್‌ಚೇಂಜ್ ವಹಿವಾಟು ನಿಂತಾಗ ಹೂಡಿಕೆದಾರರಿಗೆ ಬರಬೇಕಿದ್ದ ಸುಮಾರು 5,600 ಕೋಟಿ ರೂಪಾಯಿಗೆ ಆಧಾರವಾಗಿರಬೇಕಿದ್ದ ಸರಕು ಗೋದಾಮುಗಳಲ್ಲಿ ಇರಲಿಲ್ಲ. 2014ರಲ್ಲಿ ಚೀನಾದ ಚಿಂಗ್‌ಡಾವ್ ಬಂದರಿನಲ್ಲಿ ಒಂದೇ ಲೋಹದ ರಾಶಿಯನ್ನು ಹಲವು ಬ್ಯಾಂಕುಗಳಿಗೆ ಅಡವಿಟ್ಟದ್ದು ಬೆಳಕಿಗೆ ಬಂತು. ರೋಟರ್‌ಡ್ಯಾಮಿನ ಕಲ್ಲುಗಳು ಈ ಸಾಲಿನ ಇನ್ನೊಂದು ಕೊಂಡಿ.

ಸರಕು ಇಲ್ಲದಿರುವುದು ಮಾತ್ರವೇ ತೊಂದರೆಯಲ್ಲ. ಸರಕು ಇದ್ದು, ಇಡಲು ಜಾಗ ಇಲ್ಲದಿದ್ದರೂ ಸೂತ್ರ ಹರಿಯುತ್ತದೆ. 2020ರ ಏಪ್ರಿಲ್ 20ರಂದು ನ್ಯೂಯಾರ್ಕ್ ಪೇಟೆಯಲ್ಲಿ ಕಚ್ಚಾ ತೈಲದ ಮೇ ತಿಂಗಳ ಒಪ್ಪಂದ ಬ್ಯಾರೆಲ್‌ಗೆ ಮೈನಸ್ 37.63 ಡಾಲರ್‌ಗೆ ಮುಗಿಯಿತು. ಅಂದರೆ ತೈಲ ತೆಗೆದುಕೊಂಡು ಹೋಗುವವನಿಗೆ ಮಾರುವವನೇ ಹಣ ಕೊಡಬೇಕು. ಕೋವಿಡ್‌ನಿಂದ ವಾಹನಗಳೂ ವಿಮಾನಗಳೂ ನಿಂತಿದ್ದವು ಎಂಬುದು ಕಾರಣದ ಅರ್ಧ ಭಾಗ. ಉಳಿದರ್ಧ ಒಕ್ಲಹೋಮಾದ ಕುಶಿಂಗ್ ಎಂಬ ಪುಟ್ಟ ಪಟ್ಟಣದಲ್ಲಿದೆ. ಆ ಒಪ್ಪಂದದ ಪ್ರಕಾರ ತೈಲ ವಿಲೇವಾರಿ ಆಗಬೇಕಾದದ್ದು ಅಲ್ಲಿಯೇ, ಸಮುದ್ರದಿಂದ ನೂರಾರು ಕಿಲೋಮೀಟರ್ ಒಳಗೆ. ಅಲ್ಲಿನ ಟ್ಯಾಂಕುಗಳು ತುಂಬುತ್ತಿದ್ದವು, ಉಳಿದ ಜಾಗವನ್ನು ಮೊದಲೇ ಬಾಡಿಗೆಗೆ ಹಿಡಿದಾಗಿತ್ತು. ಗಡುವಿಗೆ ಒಂದೇ ದಿನ ಬಾಕಿ ಇರುವಾಗ ಒಪ್ಪಂದ ಕೈಯಲ್ಲಿಟ್ಟುಕೊಂಡಿದ್ದವರಿಗೆ ತೈಲ ಬೇಕಿರಲಿಲ್ಲ, ಇಡಲು ಬಕೆಟ್ಟೂ ಇರಲಿಲ್ಲ. ಅದೇ ದಿನ ಸಮುದ್ರದ ಮೇಲಿನ ತೈಲವನ್ನು ಆಧರಿಸಿದ ಬ್ರೆಂಟ್ ಬೆಲೆ 25 ಡಾಲರ್ ಆಸುಪಾಸಿನಲ್ಲಿತ್ತು, ಏಕೆಂದರೆ ಹಡಗು ಎಲ್ಲಿಗಾದರೂ ಹೋಗಬಹುದು. ಆ ಮೈನಸ್ ಬೆಲೆಯ ಪೆಟ್ಟು ಕುಶಿಂಗ್‌ನಲ್ಲೇ ನಿಲ್ಲಲಿಲ್ಲ. ಚೀನಾದ ಬ್ಯಾಂಕೊಂದರ ಯೋಜನೆಯ ಮೂಲಕ ತೈಲದ ಮೇಲೆ ಹಣ ಹಾಕಿದ್ದ ಸಾಮಾನ್ಯ ಉಳಿತಾಯಗಾರರಿಗೂ ಬಡಿಯಿತು. ತಾವು ಸಹಿ ಮಾಡಿದ್ದ ಕಾಗದದ ತುದಿ ಎಲ್ಲೋ ಒಂದು ಪಟ್ಟಣದ ಟ್ಯಾಂಕಿಗೆ ಕಟ್ಟಿದೆ ಎಂದು ಅವರಿಗೆ ಯಾರು ಹೇಳಿದ್ದರು?

ಇನ್ನು 2022ರ ನಿಕಲ್ ಪ್ರಕರಣ. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕು, ಏಕೆಂದರೆ ಇಲ್ಲಿ ಗೋದಾಮೂ ಇತ್ತು, ಸರಕೂ ಇತ್ತು, ಆದರೆ ಅದು ಬೇರೆ ಸರಕು. ಚೀನಾದ ತ್ಸಿಂಗ್‌ಶಾನ್ ಜಗತ್ತಿನ ಅತಿ ದೊಡ್ಡ ನಿಕಲ್ ಉತ್ಪಾದಕ ಸಂಸ್ಥೆ. ಬೆಲೆ ಬೀಳಬಹುದೆಂದು ಅದು ದೊಡ್ಡ ಪ್ರಮಾಣದಲ್ಲಿ ಮುಂಗಡವಾಗಿ ಮಾರಿಟ್ಟಿತ್ತು. ಒಟ್ಟು ಒಂದೂವರೆ ಲಕ್ಷ ಟನ್‌ಗೂ ಹೆಚ್ಚು ಎಂಬುದು ಆಗ ಹೊರಬಂದ ಲೆಕ್ಕ. ಆದರೆ ಅದು ತಯಾರಿಸುತ್ತಿದ್ದದ್ದು ಸ್ಟೇನ್‌ಲೆಸ್ ಉಕ್ಕಿಗೆ ಬೇಕಾದ ಕಡಿಮೆ ಶುದ್ಧತೆಯ ನಿಕಲ್. ಲಂಡನ್ ಪೇಟೆ ಒಪ್ಪುವುದು 99.8 ಶೇಕಡಾ ಶುದ್ಧ ಲೋಹವನ್ನು ಮಾತ್ರ. ಉಕ್ರೇನ್ ಮೇಲೆ ರಷ್ಯಾ ದಾಳಿ ಮಾಡಿ, ರಷ್ಯಾದ ಶುದ್ಧ ನಿಕಲ್ ಬರುತ್ತದೋ ಇಲ್ಲವೋ ಎಂಬ ಆತಂಕ ಹುಟ್ಟಿದಾಗ ಬೆಲೆ ಏರಿತು. ಏರಿದಂತೆಲ್ಲ ಮಾರಿಟ್ಟವರು ಮಾರ್ಜಿನ್ ಕಟ್ಟಬೇಕು, ಕಟ್ಟಲಾಗದವರು ಕೊಂಡು ಹೊರಬೀಳಬೇಕು, ಕೊಂಡಷ್ಟೂ ಬೆಲೆ ಇನ್ನೂ ಏರಬೇಕು. ಮಾರ್ಚ್ 7ರಂದು ಟನ್‌ಗೆ 48,000 ಡಾಲರ್ ಹತ್ತಿರ ಮುಗಿದ ಬೆಲೆ ಮರುದಿನ ಬೆಳಿಗ್ಗೆ ಒಂದು ಲಕ್ಷ ಡಾಲರ್ ದಾಟಿತು.

ವಿನಿಮಯ ಕೇಂದ್ರ ಪೇಟೆ ಮುಚ್ಚಿತು. ಅಷ್ಟೇ ಆಗಿದ್ದರೆ ಬೇರೆ ಮಾತು. ಆ ದಿನ ಆಗಲೇ ನಡೆದುಹೋಗಿದ್ದ ಸುಮಾರು 1,200 ಕೋಟಿ ಡಾಲರ್ ಮೌಲ್ಯದ ವಹಿವಾಟನ್ನೂ ಅದು ರದ್ದು ಮಾಡಿತು. ಅಂದು ಬೆಳಿಗ್ಗೆ ನಿಯಮದ ಪ್ರಕಾರ ಮಾರಿ ಲಾಭ ಮಾಡಿದವರ ಲಾಭ ಕಾಗದದಿಂದಲೇ ಅಳಿಸಿಹೋಯಿತು. ಸಿಟ್ಟಾದ ಹೂಡಿಕೆ ಸಂಸ್ಥೆಗಳು ಲಂಡನ್ನಿನ ನ್ಯಾಯಾಲಯಕ್ಕೆ ಹೋದವು. 2023ರಲ್ಲಿಯೂ ಮೇಲ್ಮನವಿಯಲ್ಲಿ 2024ರಲ್ಲಿಯೂ ತೀರ್ಪು ವಿನಿಮಯ ಕೇಂದ್ರದ ಪರವಾಗಿ ಬಂತು. ಆದರೂ ಬ್ರಿಟನ್ನಿನ ಹಣಕಾಸು ನಿಯಂತ್ರಕ ಸಂಸ್ಥೆ 2025ರ ಮಾರ್ಚ್‌ನಲ್ಲಿ ಅದಕ್ಕೆ 92 ಲಕ್ಷ ಪೌಂಡ್ ದಂಡ ಹಾಕಿತು. ರದ್ದು ಮಾಡದಿದ್ದರೆ ಹಲವು ದಲ್ಲಾಳಿ ಸಂಸ್ಥೆಗಳು ಮುಳುಗುತ್ತಿದ್ದವು ಎಂಬ ವಾದ ನನಗೆ ಅರ್ಥವಾಗುತ್ತದೆ. ಒಪ್ಪಲು ಕಷ್ಟವಾಗುವುದು ಅದಕ್ಕೂ ಹಿಂದಿನ ಸಂಗತಿ. ಆ ಬೃಹತ್ ಪಣದಲ್ಲಿ ವಿನಿಮಯ ಕೇಂದ್ರದೊಳಗೆ ನೇರವಾಗಿ ಕಾಣುತ್ತಿದ್ದದ್ದು ಸಣ್ಣ ಭಾಗ ಮಾತ್ರ. ಹೆಚ್ಚಿನದು ಬ್ಯಾಂಕುಗಳೊಂದಿಗೆ ಖಾಸಗಿಯಾಗಿ, ಪೇಟೆಯ ಹೊರಗೆ ನಡೆದಿತ್ತು. ತನ್ನ ಬೆಲೆಯ ಮೇಲೆ ನಿಂತಿರುವ ಪಣ ಎಷ್ಟು ದೊಡ್ಡದೆಂಬುದು ಪೇಟೆಗೇ ಗೊತ್ತಿರಲಿಲ್ಲ. ಹೊರಗಿನ ಪಣವನ್ನೂ ವಾರಕ್ಕೊಮ್ಮೆ ವರದಿ ಮಾಡಬೇಕೆಂಬ ನಿಯಮ ಬಂದದ್ದು ಆ ವರ್ಷದ ಜುಲೈನಲ್ಲಿ, ಮನೆ ಸುಟ್ಟ ಮೇಲೆ.

2025ರಲ್ಲಿ ತಾಮ್ರದ ಸರದಿ. ಅಮೆರಿಕದ ಅಧ್ಯಕ್ಷರು ಆಮದು ತಾಮ್ರಕ್ಕೆ 50 ಶೇಕಡಾ ಸುಂಕ ಹಾಕುವುದಾಗಿ ಜುಲೈ 8ರಂದು ಹೇಳಿದರು. ಲಂಡನ್ನಿನಲ್ಲೂ ನ್ಯೂಯಾರ್ಕಿನಲ್ಲೂ ಮಾರಾಟವಾಗುವುದು ಅದೇ ಲೋಹ, ಆದರೆ ಗಡಿಯೊಳಗಿನ ಗೋದಾಮಿನ ತಾಮ್ರಕ್ಕೆ ಒಂದು ಬೆಲೆ, ಹೊರಗಿನದಕ್ಕೆ ಇನ್ನೊಂದು ಬೆಲೆ ಆಯಿತು. ಅಂತರದ ಲಾಭಕ್ಕಾಗಿ ಲಕ್ಷಾಂತರ ಟನ್ ತಾಮ್ರ ಹಡಗುಗಳಲ್ಲಿ ಅಮೆರಿಕಕ್ಕೆ ಧಾವಿಸಿತು. ಜುಲೈ 30ರಂದು ಹೊರಬಿದ್ದ ಆದೇಶದಲ್ಲಿ ಸುಂಕ ಇದ್ದದ್ದು ಕೊಳವೆ, ತಂತಿಯಂಥ ಅರೆಸಿದ್ಧ ಸರಕಿಗೆ. ಪೇಟೆಯಲ್ಲಿ ಮಾರಾಟವಾಗುವ ಶುದ್ಧ ತಾಮ್ರಕ್ಕೆ ವಿನಾಯಿತಿ. ನ್ಯೂಯಾರ್ಕ್ ಬೆಲೆ ಒಂದೇ ಏಟಿಗೆ 20 ಶೇಕಡಾಕ್ಕೂ ಹೆಚ್ಚು ಕುಸಿಯಿತು. ಸರಕಿನ ಬೇಡಿಕೆಯಾಗಲಿ ಪೂರೈಕೆಯಾಗಲಿ ಅಂದು ಬದಲಾಗಿರಲಿಲ್ಲ. ಬದಲಾದದ್ದು ಆದೇಶದ ಒಂದು ಸಾಲು.

ಇಲ್ಲಿಯವರೆಗೆ ಹೇಳಿದ್ದು ದೊಡ್ಡ ಕುಳಗಳ ಕಥೆ. ನನ್ನನ್ನು ಹೆಚ್ಚು ಕಾಡುವುದು ಕೋಕೋ. ಜಗತ್ತಿನ ಕೋಕೋದಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್ ಮತ್ತು ಘಾನಾಗಳಿಂದ. ಬೆಲೆ ನಿರ್ಧಾರವಾಗುವುದು ಲಂಡನ್ ಮತ್ತು ನ್ಯೂಯಾರ್ಕಿನಲ್ಲಿ, ಒಂದು ಒಪ್ಪಂದಕ್ಕೆ 10 ಟನ್ ಲೆಕ್ಕದಲ್ಲಿ. ಹವಾಮಾನ ಕೈಕೊಟ್ಟಿತು, ಗಿಡಗಳಿಗೆ ರೋಗ ತಗುಲಿತು, ಮುದಿ ತೋಟಗಳು ಇಳುವರಿ ಕಳೆದುಕೊಂಡವು. ವರ್ಷಗಳ ಕಾಲ ಟನ್‌ಗೆ ಎರಡು ಮೂರು ಸಾವಿರ ಡಾಲರ್ ನಡುವೆ ಇದ್ದ ಬೆಲೆ 2024ರ ಮಾರ್ಚ್‌ನಲ್ಲಿ 10,000 ದಾಟಿ, ಡಿಸೆಂಬರ್‌ನಲ್ಲಿ 12,000ವನ್ನೂ ಮೀರಿತು.

ಬೆಳೆಗಾರ ಶ್ರೀಮಂತನಾಗಬೇಕಿತ್ತು. ಆಗಲಿಲ್ಲ. ಈ ಎರಡೂ ದೇಶಗಳಲ್ಲಿ ಸರ್ಕಾರಿ ಮಂಡಳಿಗಳು ಫಸಲಿನ ಹೆಚ್ಚಿನ ಪಾಲನ್ನು ಕಟಾವಿಗೆ ಮುಂಚೆಯೇ ಮಾರಿ, ಆ ಸರಾಸರಿಯ ಮೇಲೆ ರೈತನಿಗೆ ಹಂಗಾಮಿನ ಬೆಲೆ ನಿಗದಿ ಮಾಡುತ್ತವೆ. ಬೆಲೆ ಬೀಳುವ ಕಾಲಕ್ಕೆ ಇದು ಒಳ್ಳೆಯ ಕೊಡೆ. ಆದರೆ 2023ರ ಹಂಗಾಮಿನ ಕೋಕೋ ಹಳೆಯ ಅಗ್ಗದ ಬೆಲೆಗೆ ಮಾರಿಹೋಗಿತ್ತು. ಪರದೆಯ ಮೇಲೆ ಕಿಲೋಗೆ 10 ಡಾಲರ್ ಓಡುತ್ತಿದ್ದಾಗ ಐವರಿ ಕೋಸ್ಟ್‌ನ ರೈತನಿಗೆ ನಿಗದಿಯಾಗಿದ್ದು 1,000 ಸಿಎಫ್ಎ ಫ್ರಾಂಕ್, ಅಂದರೆ ಎರಡು ಡಾಲರ್‌ಗೂ ಕಡಿಮೆ. 2024ರ ಏಪ್ರಿಲ್‌ನಲ್ಲಿ ಅದನ್ನು 1,500ಕ್ಕೆ ಏರಿಸಿದರು. ಘಾನಾಕ್ಕೆ ಒಪ್ಪಿಕೊಂಡಷ್ಟು ಕೋಕೋ ಪೂರೈಸಲೂ ಆಗಲಿಲ್ಲ. ಹಳೆಯ ಬೆಲೆಯ ಒಪ್ಪಂದಗಳನ್ನು ಮುಂದಿನ ಹಂಗಾಮಿಗೆ ತಳ್ಳಿದ್ದರಿಂದ ಆ ವರ್ಷದ ಏರಿಕೆಯ ಲಾಭವೂ ಅರ್ಧಂಬರ್ಧವಾಯಿತು. 2025ರ ಅಕ್ಟೋಬರ್‌ನಲ್ಲಿ ಐವರಿ ಕೋಸ್ಟ್ ಬೆಲೆಯನ್ನು 2,800 ಫ್ರಾಂಕ್‌ಗೆ ಏರಿಸುವ ಹೊತ್ತಿಗೆ ಜಾಗತಿಕ ಬೆಲೆ ಅರ್ಧಕ್ಕೆ ಇಳಿದಾಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಈ ಬೆಳೆಗಾರರ ವಿಷಯದಲ್ಲಿ ಅಕ್ಷರಶಃ ನಿಜ.

ಈ ಏರಿಕೆಯನ್ನು ಸಟ್ಟಾದವರ ತಲೆಗೆ ಕಟ್ಟಿದವರು ಬಹಳ ಮಂದಿ. ನಡೆದದ್ದು ಅಷ್ಟು ಸರಳವಲ್ಲ. ಕೋಕೋ ದಾಸ್ತಾನು ಹೊಂದಿದ್ದ ವರ್ತಕರು ಬೆಲೆ ಕುಸಿತದ ಭಯಕ್ಕೆ ವಾಯಿದಾ ಪೇಟೆಯಲ್ಲಿ ಮಾರಿಟ್ಟಿರುತ್ತಾರೆ. ಬೆಲೆ ಹಾರಿದಾಗ ಅವರಿಗೆ ದಿನದಿನವೂ ಮಾರ್ಜಿನ್ ಕಟ್ಟುವ ಕರೆ ಬಂತು. ಹಣ ಸಾಲದೆ ಅನೇಕರು ಪೇಟೆಯಿಂದ ಹಿಂದೆ ಸರಿದರು. ಜನ ಕಡಿಮೆಯಾದ ಪೇಟೆಯಲ್ಲಿ ಸಣ್ಣ ಖರೀದಿಗೂ ಬೆಲೆ ನೆಗೆಯತೊಡಗಿತು. ಅಂದರೆ ಅಪಾಯ ತಪ್ಪಿಸಿಕೊಳ್ಳಲು ಬಂದವರನ್ನೇ ಪೇಟೆ ಹೊರದಬ್ಬಿತು.

ಇಂಥ ಹೊತ್ತಿನಲ್ಲಿ ಸರ್ಕಾರಗಳಿಗೆ ಮೊದಲು ಹೊಳೆಯುವುದು ನಿಷೇಧ. ಅಮೆರಿಕದ ಈರುಳ್ಳಿ ಪ್ರಕರಣ ಇದಕ್ಕೆ ಪ್ರಸಿದ್ಧ ಉದಾಹರಣೆ. 1955ರಲ್ಲಿ ಇಬ್ಬರು ವ್ಯಾಪಾರಿಗಳು ಶಿಕಾಗೊದಲ್ಲಿದ್ದ ಈರುಳ್ಳಿಯನ್ನು ಬಹುತೇಕ ಪೂರ್ತಿಯಾಗಿ ತಮ್ಮ ವಶ ಮಾಡಿಕೊಂಡರು. ನಂತರ ಬೆಲೆ ಬೀಳುತ್ತದೆಂದು ಪಣ ಕಟ್ಟಿ ದಾಸ್ತಾನನ್ನು ಪೇಟೆಗೆ ಸುರಿದರು. ಕೊಳೆಯತೊಡಗಿದ ಈರುಳ್ಳಿಯನ್ನು ನಗರದ ಹೊರಗೆ ಕಳಿಸಿ, ಸಿಪ್ಪೆ ತೆಗೆಸಿ, ಹೊಸ ಚೀಲಕ್ಕೆ ತುಂಬಿಸಿ ವಾಪಸ್ ತರಿಸಿದರು. ಹೊಸ ಫಸಲು ಬರುತ್ತಲೇ ಇದೆ ಎಂದು ಕಂಡವರೆಲ್ಲ ನಂಬಿದರು. 50 ಪೌಂಡ್‌ನ ಚೀಲ 2.75 ಡಾಲರ್‌ನಿಂದ 1956ರ ಮಾರ್ಚ್ ಹೊತ್ತಿಗೆ 10 ಸೆಂಟ್‌ಗೆ ಇಳಿಯಿತು. ಖಾಲಿ ಚೀಲಕ್ಕೇ ಅದಕ್ಕಿಂತ ಹೆಚ್ಚು ಬೆಲೆಯಿತ್ತು. ಬೆಳೆಗಾರರು ದಿವಾಳಿಯಾದರು. 1958ರಲ್ಲಿ ಈರುಳ್ಳಿಯ ವಾಯಿದಾ ವಹಿವಾಟನ್ನೇ ಕಾನೂನು ಮಾಡಿ ನಿಲ್ಲಿಸಲಾಯಿತು. ಆ ಕಾನೂನು ಇಂದಿಗೂ ಇದೆ. ಈರುಳ್ಳಿಯ ಬೆಲೆಯ ಏರಿಳಿತವೂ ಇದೆ.

ಜರ್ಮನಿ 1896ರಲ್ಲಿ ಧಾನ್ಯದ ವಾಯಿದಾ ನಿಲ್ಲಿಸಿ, 1900ರಲ್ಲಿ ಮತ್ತೆ ಬಿಟ್ಟಿತು. ಭಾರತದ ಪೇಟೆ ನಿಯಂತ್ರಕ ಸಂಸ್ಥೆ ಸೆಬಿ 2021ರ ಡಿಸೆಂಬರ್‌ನಲ್ಲಿ ಗೋಧಿ, ಕಡಲೆ, ಸೋಯಾ ಸೇರಿದಂತೆ ಏಳು ಸರಕುಗಳ ವಹಿವಾಟು ತಡೆದು, ಆ ತಡೆಯನ್ನು ಮತ್ತೆ ಮತ್ತೆ ಮುಂದುವರಿಸಿತು. 2008ರ ಆಹಾರ ಬಿಕ್ಕಟ್ಟಿನಲ್ಲಿ ಅಕ್ಕಿಯ ಬೆಲೆ ಕೆಲವೇ ತಿಂಗಳಲ್ಲಿ ಎರಡು ಮೂರು ಪಟ್ಟಾಯಿತು. ಅಕ್ಕಿಗೆ ಹೇಳಿಕೊಳ್ಳುವಂಥ ಜಾಗತಿಕ ವಾಯಿದಾ ಪೇಟೆಯೇ ಇರಲಿಲ್ಲ. ಅದನ್ನು ಏರಿಸಿದ್ದು ದೇಶಗಳ ರಫ್ತು ನಿಷೇಧ ಮತ್ತು ಗಾಬರಿಯ ಖರೀದಿ. ಇದನ್ನೆಲ್ಲ ನೋಡಿದರೆ ನಿಷೇಧ ಎನ್ನುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ ಎಂಬುದು ನನ್ನ ಖಚಿತ ಅಭಿಪ್ರಾಯ. ಈರುಳ್ಳಿಯನ್ನು ಹೊಸ ಚೀಲಕ್ಕೆ ತುಂಬಿದ್ದನ್ನು ತಡೆಯಬೇಕಿದ್ದದ್ದು ಗೋದಾಮಿನ ತಪಾಸಣೆ, ಮತ್ತು ಒಬ್ಬನೇ ಅಷ್ಟು ದಾಸ್ತಾನು ಹಿಡಿಯಬಾರದೆಂಬ ಮಿತಿ.

ಪೇಟೆಯನ್ನು ಗೋದಾಮಿನಿಂದಲೇ ಕಟ್ಟಲು ಹೊರಟವರೂ ಇದ್ದಾರೆ. ಇಥಿಯೋಪಿಯಾದಲ್ಲಿ ಈ ಶತಮಾನದ ಆರಂಭದಲ್ಲಿ ಮೆಕ್ಕೆಜೋಳದ ಭರ್ಜರಿ ಫಸಲು ಬಂದು ಬೆಲೆ ನೆಲಕಚ್ಚಿತು. ಮರುವರ್ಷವೇ ಬರ ಬಂದು ಲಕ್ಷಾಂತರ ಜನ ಹಸಿವಿಗೆ ಸಿಕ್ಕಿದರು. ಹೆಚ್ಚಾದದ್ದನ್ನು ಕೂಡಿಡುವ, ಇರುವಲ್ಲಿಂದ ಇಲ್ಲದಲ್ಲಿಗೆ ಸಾಗಿಸುವ ವ್ಯವಸ್ಥೆಯೇ ಇರಲಿಲ್ಲ ಎಂದು ಅರ್ಥಶಾಸ್ತ್ರಜ್ಞೆ ಎಲೆನಿ ಗೇಬ್ರೆ-ಮಧಿನ್ ವಾದಿಸಿದರು. 2008ರಲ್ಲಿ ಅವರ ನೇತೃತ್ವದಲ್ಲಿ ಅಡಿಸ್ ಅಬಾಬಾದಲ್ಲಿ ವಿನಿಮಯ ಕೇಂದ್ರ ತೆರೆಯಿತು. ಅದು ಮೊದಲು ಕೈ ಹಾಕಿದ್ದು ತೂಕ, ದರ್ಜೆ, ಉಗ್ರಾಣ ರಸೀದಿ, ಹೊತ್ತಿಗೆ ಸರಿಯಾಗಿ ಹಣ ಪಾವತಿ ಇವುಗಳಿಗೆ. ವಾಯಿದಾ ಆಮೇಲಿನ ಮಾತು. ತೊಡಕುಗಳಿಲ್ಲವೆಂದಲ್ಲ. ದರ್ಜೆಯ ರಾಶಿಯಲ್ಲಿ ಬೆರೆತ ಕಾಫಿಗೆ ಯಾವ ತೋಟದ್ದೆಂಬ ಗುರುತು ಅಳಿದು, ಒಳ್ಳೆಯ ಕಾಫಿ ಹುಡುಕುವ ಖರೀದಿದಾರರು ಬೇಸರಗೊಂಡರು. ಆಮೇಲೆ ನಿಯಮ ಸಡಿಲಿಸಬೇಕಾಯಿತು.

ಚೀನಾದಲ್ಲಿ ಡಾಲಿಯನ್, ಝೆಂಗ್‌ಝೌ, ಶಾಂಘೈ ಪೇಟೆಗಳು ಒಪ್ಪಂದಗಳ ಸಂಖ್ಯೆಯಲ್ಲಿ ಜಗತ್ತಿನ ಮುಂಚೂಣಿಯಲ್ಲಿವೆ. ಸೇಬು, ಜೀವಂತ ಹಂದಿ, ಲಿಥಿಯಂ ಕಾರ್ಬೊನೇಟ್ ಎಲ್ಲಕ್ಕೂ ಆ ದೇಶದಲ್ಲಿ ವಾಯಿದಾ ಬೆಲೆ ಇದೆ. ನನಗೆ ಹೆಚ್ಚು ಆಸಕ್ತಿಕರವೆನಿಸಿದ್ದು ಆ ದೊಡ್ಡ ಅಂಕಿಗಳಿಗಿಂತ, 'ವಿಮೆ ಮತ್ತು ವಾಯಿದಾ' ಎಂಬ ಅಲ್ಲಿನ ಏರ್ಪಾಡು. ಕೆಲವೇ ಎಕರೆಯ ರೈತ ದಿನದಿನ ಮಾರ್ಜಿನ್ ಕಟ್ಟುವುದು ಸಾಧ್ಯವಿಲ್ಲದ ಮಾತು. ಅವನ ಒಂದು ಹಂಗಾಮಿನ ಫಸಲು ಪೇಟೆಯ ಒಂದು ಒಪ್ಪಂದದಷ್ಟೂ ಆಗದಿರಬಹುದು. ಆದ್ದರಿಂದ ಅವನು ವಿಮಾ ಕಂಪನಿಯಿಂದ ಬೆಲೆ ವಿಮೆ ಕೊಳ್ಳುತ್ತಾನೆ. ಬೆಲೆ ಗೊತ್ತಾದ ಮಟ್ಟಕ್ಕಿಂತ ಕೆಳಗಿಳಿದರೆ ಪರಿಹಾರ ಸಿಗುತ್ತದೆ. ಕಂಪನಿ ತನ್ನ ಅಪಾಯವನ್ನು ಒಟ್ಟುಗೂಡಿಸಿ ವಾಯಿದಾ ವ್ಯವಹಾರದ ಸಂಸ್ಥೆಗೆ ದಾಟಿಸುತ್ತದೆ, ಪೇಟೆಗೆ ಇಳಿಯುವುದೂ ಮಾರ್ಜಿನ್ ಕಟ್ಟುವುದೂ ಆ ಸಂಸ್ಥೆ. ಸದ್ಯಕ್ಕೆ ಪ್ರೀಮಿಯಂನ ದೊಡ್ಡ ಪಾಲನ್ನು ಭರಿಸುತ್ತಿರುವುದು ವಿನಿಮಯ ಕೇಂದ್ರಗಳು ಮತ್ತು ಸ್ಥಳೀಯ ಸರ್ಕಾರಗಳು. ಆ ನೆರವು ನಿಂತ ಹಂಗಾಮಿನಲ್ಲಿ ಎಷ್ಟು ಮಂದಿ ರೈತರು ತಮ್ಮ ಕೈಯಿಂದ ಹಣ ಹಾಕಿ ವಿಮೆ ಕೊಳ್ಳುತ್ತಾರೆ ಎಂಬುದರ ಮೇಲೆ ಆ ಏರ್ಪಾಡಿನ ಭವಿಷ್ಯ ನಿಂತಿದೆ.